ಗುರಿ ನಿಖರ, ನ್ಯಾಯ?

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳ ಜನರಿಗೆ ಯುದ್ಧವಿಮಾನವು ಅಪರಿಚಿತವಲ್ಲ. 1996ರಿಂದ ಏರೋ ಇಂಡಿಯಾ ಪ್ರದರ್ಶನಕ್ಕೆ ತಾಣವಾಗಿರುವ ಯಲಹಂಕ ವಾಯುನೆಲೆಯು ಬೆಂಗಳೂರಿನಿಂದ ಚಿಕ್ಕಬಳ್ಳಾಪುರಕ್ಕೆ ಬರುವ ಹಾದಿಯಲ್ಲೇ ಇದೆ. ಅಲ್ಲಿ ಆಗಸದ ಕಸರತ್ತನ್ನು ಕಂಡು ಬೆರಗಾಗುವವರ ಪೈಕಿ ಹೆಚ್ಚಿನವರು ವಿಮಾನದಡಿ ತೂಗುವ ಕೊಳವೆಯಾಕಾರದ ಪೆಟ್ಟಿಗೆಯೊಂದನ್ನು ಗಮನಿಸುವುದಿಲ್ಲ. ಟಾರ್ಗೆಟಿಂಗ್ ಪಾಡ್ ಎಂದು ಕರೆಯಲ್ಪಡುವ ಈ ಉಪಕರಣವೇ ಇಂದಿನ ವೈಮಾನಿಕ ಯುದ್ಧದ ಕಣ್ಣು.

ಈ ಪೆಟ್ಟಿಗೆಯೊಳಗೆ ಹಗಲಿನಲ್ಲಿ ಕಾಣುವ ಕ್ಯಾಮರಾ, ಕತ್ತಲಲ್ಲಿಯೂ ಶಾಖವನ್ನು ಗುರುತಿಸುವ ಕ್ಯಾಮರಾ ಹಾಗೂ ಲೇಸರ್ ಕಿರಣವನ್ನು ಹಾಯಿಸುವ ಯಂತ್ರ ಇರುತ್ತವೆ. ವಿಮಾನ ಎತ್ತ ಹೊರಳಿದರೂ ಅದರ ನೋಟ ಗುರಿಯಿಂದ ಕದಲುವುದಿಲ್ಲ. ಕಿರಣವು ಬಿದ್ದ ಜಾಗದಿಂದ ಹಿಮ್ಮರಳುವ ಬೆಳಕನ್ನು ಹಿಡಿದು ಬಾಂಬು ಅಲ್ಲಿಗೇ ಎರಗುತ್ತದೆ. ವಿಯೆಟ್ನಾಮಿನ ಥಾನ್ ಹೋವಾ ಸೇತುವೆ 1965ರಿಂದ ಅಮೆರಿಕದ ನೂರಾರು ದಾಳಿಗಳನ್ನು ಸಹಿಸಿ ನಿಂತಿತ್ತು. 1972ರ ಮೇ 13ರಂದು ಲೇಸರ್ ಬಾಂಬುಗಳು ಅದನ್ನು ಉರುಳಿಸಿದವು. ಅಂದಿನಿಂದ ಈ ತಂತ್ರಜ್ಞಾನ ಹಿಂದಿರುಗಿ ನೋಡಿಲ್ಲ.

ನಮ್ಮ ದೇಶವು ಇದರ ಪ್ರಯೋಜನವನ್ನು ಕಂಡದ್ದು ಕಾರ್ಗಿಲ್‌ನಲ್ಲಿ. ಇಸ್ರೇಲಿನ ರಫೇಲ್ ಸಂಸ್ಥೆಯ ಲೈಟನಿಂಗ್ ಪಾಡನ್ನು ತರಾತುರಿಯಲ್ಲಿ ಮಿರಾಜ್ ವಿಮಾನಗಳಿಗೆ ಅಳವಡಿಸಲಾಯಿತು. 1999ರ ಜೂನ್ 24ರಂದು ಟೈಗರ್ ಹಿಲ್‌ನ ಶತ್ರುನೆಲೆಯ ಮೇಲೆ ಬಾಂಬು ಗುರಿ ತಪ್ಪದೆ ಬಿತ್ತು. ನಿಯಂತ್ರಣ ರೇಖೆಯನ್ನು ದಾಟಬಾರದೆಂಬ ಕಟ್ಟುಪಾಡಿನೊಳಗೆ ಹೋರಾಡಬೇಕಿದ್ದ ವಾಯುಪಡೆಗೆ ಇಂತಹ ಉಪಕರಣ ಅನಿವಾರ್ಯವಾಗಿತ್ತು. ಬೆಟ್ಟವೇರಿ ಹೋರಾಡಿದ ನಮ್ಮ ಸೈನಿಕರಿಗೆ ಅದರಿಂದ ನೆರವಾಯಿತು. ಇದನ್ನು ಅಲ್ಲಗಳೆಯುವುದು ನಮ್ಮ ಉದ್ದೇಶವಲ್ಲ. ಬೆಂಗಳೂರಿನಲ್ಲಿ ತಯಾರಾಗುವ ತೇಜಸ್‌ಗೂ ಇಂದು ಅಂಥದೇ ಪಾಡ್ ಅಳವಡಿಸಲಾಗಿದೆ.

ಆದರೆ ಒಂದು ಮೂಲಭೂತ ಪ್ರಶ್ನೆ ಉಳಿಯುತ್ತದೆ. ಬಾಂಬು ಎಲ್ಲಿ ಬೀಳಬೇಕೆಂಬುದನ್ನು ಪಾಡ್ ಹೇಳುತ್ತದೆ. ಅಲ್ಲಿರುವವರು ಯಾರೆಂಬುದನ್ನು ಹೇಳುವವರು ಯಾರು?

2009ರ ಸೆಪ್ಟೆಂಬರ್ 4ರ ನಸುಕಿನಲ್ಲಿ ಅಫ್ಘಾನಿಸ್ತಾನದ ಕುಂದುಜ್ ನದಿಯ ಮರಳದಿಬ್ಬದಲ್ಲಿ, ತಾಲಿಬಾನ್ ಅಪಹರಿಸಿದ್ದ ಎರಡು ಇಂಧನ ಟ್ಯಾಂಕರುಗಳು ಸಿಕ್ಕಿಕೊಂಡಿದ್ದವು. ಅಮೆರಿಕದ ಯುದ್ಧವಿಮಾನ ಕಳುಹಿಸಿದ ಚಿತ್ರಗಳನ್ನು ಜರ್ಮನ್ ಸೇನಾಧಿಕಾರಿಯೋರ್ವರು ತಮ್ಮ ನೆಲೆಯಲ್ಲಿ ಕುಳಿತು ವೀಕ್ಷಿಸುತ್ತಿದ್ದರು. ಪರದೆಯ ಮೇಲೆ ಮನುಷ್ಯರು ಬರೇ ಚುಕ್ಕೆಗಳು. ಅವರೆಲ್ಲ ಉಗ್ರರೆಂದು ಮಾಹಿತಿದಾರನೊಬ್ಬ ಫೋನಿನಲ್ಲಿ ಹೇಳಿದ. ಕೆಳಮಟ್ಟದಲ್ಲಿ ಹಾರಿ ಜನರನ್ನು ಚದುರಿಸೋಣವೇ ಎಂದು ಪೈಲಟ್‌ಗಳು ಕೇಳಿದರೂ ಅಧಿಕಾರಿ ಒಪ್ಪಲಿಲ್ಲ. ಬಾಂಬುಗಳು ಗುರಿಗೆ ಸರಿಯಾಗಿಯೇ ಬಿದ್ದವು. ಸತ್ತವರಲ್ಲಿ ಇಂಧನ ತುಂಬಿಸಿಕೊಳ್ಳಲು ಬಂದಿದ್ದ ಹಳ್ಳಿಗರೂ ಮಕ್ಕಳೂ ಇದ್ದರು. ಅನಂತರ ಜರ್ಮನಿ 91 ಮೃತರ ಕುಟುಂಬಗಳಿಗೆ ತಲಾ 5,000 ಡಾಲರ್ ನೀಡಿತು. ಲೈಟನಿಂಗ್ ರೂಪುಗೊಂಡ ಇಸ್ರೇಲಿನ ವಾಯುಪಡೆಯ ಬಳಿ ನಿಖರ ಉಪಕರಣಗಳಿಗೆ ಬರವಿಲ್ಲ. ಹಾಗಿದ್ದೂ 2023ರ ಅಕ್ಟೋಬರ್ ಬಳಿಕ ಗಾಝಾದಲ್ಲಿ ಸಾವಿರಾರು ಮಕ್ಕಳು ಹತರಾದರು. ನಿಖರತೆಯೇ ಮಾನವೀಯತೆ ಎಂಬ ಶಸ್ತ್ರ ವ್ಯಾಪಾರಿಗಳ ಜಾಹೀರಾತಿಗೆ ಇದಕ್ಕಿಂತ ದೊಡ್ಡ ಉತ್ತರ ಬೇಕೇ?

ಕುಂದುಜ್ ಪ್ರಕರಣದಲ್ಲಿ ಇನ್ನೊಂದು ಪಾಠವೂ ಇದೆ. ಪಾಡ್ ಬರೇ ಕಣ್ಣಲ್ಲ, ಅದು ಸಾಕ್ಷಿಯೂ ಹೌದು. ತಾನು ಕಂಡದ್ದನ್ನೆಲ್ಲ ಅದು ದಾಖಲಿಸಿಕೊಳ್ಳುತ್ತದೆ. ಆ ದಾಳಿಯ ವೀಡಿಯೋ ಹಾಗೂ ರಹಸ್ಯ ವರದಿ 2009ರ ನವೆಂಬರ್‌ನಲ್ಲಿ ಜರ್ಮನಿಯ ಬಿಲ್ಡ್ ಪತ್ರಿಕೆಯ ಮೂಲಕ ಬಹಿರಂಗವಾದಾಗ, ದಾಳಿಯ ವೇಳೆ ರಕ್ಷಣಾ ಸಚಿವರಾಗಿದ್ದ ಫ್ರಾಂಝ್ ಜೋಸೆಫ್ ಯುಂಗ್ ಸಂಪುಟದಿಂದ ಹೊರನಡೆಯಬೇಕಾಯಿತು. ಸಾಮಾನ್ಯವಾಗಿ ಗೆದ್ದ ದಾಳಿಯ ಚಿತ್ರ ಟಿವಿಯಲ್ಲಿ ಮತ್ತೆ ಮತ್ತೆ ಬರುತ್ತದೆ. ಅಮಾಯಕರು ಸತ್ತ ದಾಳಿಯ ಚಿತ್ರ ಬೀಗದೊಳಗೆ ಉಳಿಯುತ್ತದೆ. ರಾಷ್ಟ್ರದ ಭದ್ರತೆಗೆ ಗೋಪ್ಯತೆ ಬೇಕು, ನಿಜ. ಆದರೆ ಸತ್ತವರ ಗುರುತೂ ಗೋಪ್ಯವೇ?

ಈ ಪ್ರಶ್ನೆ ನಮ್ಮ ಜಿಲ್ಲೆಗೆ ಹೊಸದಲ್ಲ. 1938ರ ಏಪ್ರಿಲ್ 25ರಂದು ಗೌರಿಬಿದನೂರು ತಾಲೂಕಿನ ವಿದುರಾಶ್ವತ್ಥದಲ್ಲಿ, ಧ್ವಜ ಸತ್ಯಾಗ್ರಹಕ್ಕೆ ನೆರೆದ ಜನರ ಮೇಲೆ ಪೊಲೀಸರು ಗುಂಡು ಹಾರಿಸಿದರು. ಅಲ್ಲಿ ಪಾಡ್ ಇರಲಿಲ್ಲ; ಕ್ಯಾಮರಾ ಬೇಕಾಗುವಷ್ಟು ದೂರವೂ ಇರಲಿಲ್ಲ. ಎದುರಿಗಿದ್ದವರು ನಿರಾಯುಧರೆಂಬುದು ಬರಿಗಣ್ಣಿಗೇ ಕಾಣುತ್ತಿತ್ತು. ಸತ್ತವರ ಬಗ್ಗೆ ಸರಕಾರದ ಲೆಕ್ಕಕ್ಕೂ ಜನರ ಲೆಕ್ಕಕ್ಕೂ ತಾಳೆಯಾಗಲಿಲ್ಲ. ಆದರೂ ಜನಾಕ್ರೋಶಕ್ಕೆ ಮಣಿದು ಮೈಸೂರು ಸಂಸ್ಥಾನ ವಿಚಾರಣಾ ಸಮಿತಿಯನ್ನು ನೇಮಿಸಿತು. ದಿವಾನ್ ಮಿರ್ಝಾ ಇಸ್ಮಾಯಿಲ್ ಹಾಗೂ ಸರ್ದಾರ್ ಪಟೇಲರ ನಡುವೆ ಒಪ್ಪಂದವಾಗಿ, ಕಾಂಗ್ರೆಸ್ಸಿನ ಧ್ವಜಕ್ಕೆ ಮನ್ನಣೆ ದೊರೆಯಿತು. ಸಂಸ್ಥಾನದ ಪ್ರಜೆಗಳು ಅಂದು ಉತ್ತರ ಕೇಳಿದ್ದರು. ಗಣರಾಜ್ಯದ ಪ್ರಜೆಗಳು ಅದಕ್ಕಿಂತ ಕಡಿಮೆ ಕೇಳಬೇಕೇ?

ಆದ್ದರಿಂದ ನಾವು ಹೇಳುವುದಿಷ್ಟೇ. ಪಾಡನ್ನು ಕೊಳ್ಳುವ ಅಥವಾ ಇಲ್ಲಿಯೇ ರೂಪಿಸುವ ಪ್ರತಿಯೊಂದು ಯೋಜನೆಯ ಜೊತೆಗೆ ಅದರ ದಾಖಲೆಯ ಬಗ್ಗೆಯೂ ಒಂದು ಕಾನೂನು ಬರಲಿ. ದಾಳಿಯ ಚಿತ್ರಗಳನ್ನು ಅಳಿಸದೆ ಕಾಯ್ದಿಡಬೇಕು. ನಾಗರಿಕರು ಸತ್ತರೆಂಬ ದೂರು ಬಂದಲ್ಲಿ, ಆದೇಶ ನೀಡಿದವರ ಇಲಾಖೆಯ ಹೊರಗಿನ ನ್ಯಾಯಾಧೀಶರು ಅವುಗಳನ್ನು ನೋಡುವಂತಾಗಬೇಕು. ಇದರಿಂದ ಸೇನೆಯ ಗೌರವ ಕುಂದುವುದಿಲ್ಲ. ಗುರಿಯಿಡುವಾಗ ತೋರುವ ಶ್ರದ್ಧೆಯನ್ನು ಅನಂತರ ಲೆಕ್ಕ ಒಪ್ಪಿಸುವಾಗಲೂ ತೋರಬೇಕೆಂದು ಕೇಳುವುದು ದೇಶದ್ರೋಹವಲ್ಲ, ಪ್ರಜೆಯ ಕರ್ತವ್ಯ.