ಬರೆಯುವ ಮಕ್ಕಳಿಗೊಬ್ಬ ಓದುಗ

ಪ್ರತಿಭಾ ಕಾರಂಜಿಯಲ್ಲಿ ಕಂಠಪಾಠ ಒಪ್ಪಿಸಿದವನಿಗೆ ಚಪ್ಪಾಳೆ ಬೀಳುತ್ತದೆ. ಛದ್ಮವೇಷ ಹಾಕಿದವಳಿಗೂ ಬೀಳುತ್ತದೆ. ನೋಟುಬುಕ್ಕಿನ ಕೊನೆಯ ಹಾಳೆಯಲ್ಲಿ ನಾಲ್ಕು ಸಾಲು ಬರೆದು ಯಾರಿಗೂ ತೋರಿಸದೆ ಕುಳಿತ ಹುಡುಗಿಯನ್ನು ವೇದಿಕೆಗೆ ಕರೆಯುವವರು ಕಡಿಮೆ. ದಾಂಡೇಲಿ, ಹಳಿಯಾಳ, ಜೋಯಿಡಾ, ಮುಂಡಗೋಡದಂಥ ಊರುಗಳಲ್ಲಿ ಈ ಮಕ್ಕಳಿಗೆ ಮನ್ನಣೆ ಎಲ್ಲಿಂದ ಬರಬೇಕು?

ಉತ್ತರ ಕನ್ನಡ ಜಿಲ್ಲೆಯಲ್ಲೇ ಒಂದು ಉದಾಹರಣೆ ಇದೆ. ಗೋಕರ್ಣದ ಜಯಂತ ಕಾಯ್ಕಿಣಿಯವರ ಮೊದಲ ಕವನ ಸಂಕಲನ 'ರಂಗದಿಂದೊಂದಿಷ್ಟು ದೂರ' 1974ರಲ್ಲಿ ಹೊರಬಂತು. ಅದಕ್ಕೆ ರಾಜ್ಯ ಸಾಹಿತ್ಯ ಅಕಾಡೆಮಿಯ ಬಹುಮಾನ ಬಂದಾಗ ಅವರಿನ್ನೂ 19ರ ಹುಡುಗ. ಮುಂದೆ ಅವರ ಕಥೆಗಳ ಇಂಗ್ಲಿಷ್ ಅನುವಾದಕ್ಕೆ 2018ನೇ ಸಾಲಿನ ಡಿಎಸ್‌ಸಿ ಪ್ರಶಸ್ತಿಯೂ ಸಂದಿತು. ತಂದೆ ಗೌರೀಶ ಕಾಯ್ಕಿಣಿ ಹೆಸರಾಂತ ಲೇಖಕರು, ವೃತ್ತಿಯಿಂದ ಶಿಕ್ಷಕರು. ಅಂಥ ಮನೆ ಎಲ್ಲರಿಗೂ ಸಿಗದು, ನಿಜ.

ಸಿಗದವರಿಗೆ ಆ ಕೆಲಸವನ್ನು ಬೆಂಗಳೂರಿನ ಕ್ರೈಸ್ಟ್ ಕಾಲೇಜಿನ ಅಧ್ಯಾಪಕ ಚಿ. ಶ್ರೀನಿವಾಸರಾಜು ಮಾಡಿದರು. ಅಲ್ಲಿನ ಕನ್ನಡ ಸಂಘದಿಂದ ಬೇಂದ್ರೆಯವರ ಹೆಸರಿನಲ್ಲಿ ಕಾಲೇಜು ವಿದ್ಯಾರ್ಥಿಗಳಿಗೆ ಕವನ ಸ್ಪರ್ಧೆ ಇಟ್ಟರು. ಬಹುಮಾನ ಕೊಟ್ಟು ಕೈತೊಳೆದುಕೊಳ್ಳಲಿಲ್ಲ. ಮೆಚ್ಚಿದ ಕವನಗಳನ್ನು ಪುಸ್ತಕ ಮಾಡಿದರು, ಹೊಸಬರ ಮೊದಲ ಸಂಕಲನಗಳನ್ನೂ ಅಚ್ಚು ಹಾಕಿಸಿದರು. 2007ರಲ್ಲಿ ತೀರಿಕೊಂಡ ಈ ಮೇಷ್ಟರನ್ನು ನೆನೆಯುವ ಲೇಖಕರು ಇಂದಿಗೂ ಬಹಳ ಮಂದಿ.

ಈ ಭಾಗದ ಮಕ್ಕಳಿಗೆ ಇನ್ನೊಂದು ಅಳುಕಿದೆ. ಹಳಿಯಾಳದ ಎಷ್ಟೋ ಮನೆಗಳಲ್ಲಿ ಮರಾಠಿ, ಜೋಯಿಡಾದ ಕುಣಬಿಗಳಲ್ಲಿ ಕೊಂಕಣಿ. ಸಿದ್ದಿಗಳ ಮಾತಿನಲ್ಲಿ ಕೊಂಕಣಿ, ಮರಾಠಿ, ಕನ್ನಡ ಮೂರೂ ಬೆರೆತಿವೆ. ಮುಂಡಗೋಡದಲ್ಲಿ 1966ರಿಂದ ನೆಲೆಸಿರುವ ಟಿಬೆಟಿಯನ್ನರ ಭಾಷೆಯೇ ಬೇರೆ. ಮನೆಮಾತು ಬೇರೆಯಾದ್ದರಿಂದ ನಮ್ಮ ಹುಡುಗನ ಕನ್ನಡ ನಡೆಯುವುದಿಲ್ಲ ಎಂದು ಪಾಲಕರೇ ಹೇಳಿಬಿಡುತ್ತಾರೆ. ಬೇಂದ್ರೆಯವರ ಮನೆಮಾತು ಮರಾಠಿ, ಕಾಯ್ಕಿಣಿಯವರದು ಕೊಂಕಣಿ. ಅಜ್ಜಿ ಹೇಳಿದ ಕಥೆಯನ್ನು ಮನೆಯ ಮಾತಿನಲ್ಲೇ ಬರೆದಿಟ್ಟರೂ ಅದು ಬರವಣಿಗೆಯೇ.

ಎಚ್ಚರದ ಮಾತೂ ಒಂದಿದೆ. ಇಷ್ಟು ರೂಪಾಯಿ ಕಟ್ಟಿದರೆ ಮಗುವಿನ ಕವನ ಪುಸ್ತಕದಲ್ಲಿ ಬರುತ್ತದೆ, ಪ್ರಮಾಣಪತ್ರ, ಪದಕ ಎಲ್ಲ ಸಿಗುತ್ತದೆ ಎಂದು ಮೊಬೈಲಿಗೆ ಸಂದೇಶ ಬರುವ ಕಾಲವಿದು. ಕಟ್ಟಿದವರೆಲ್ಲರ ಕವನವೂ ಬರುತ್ತದೆ, ಓದಿ ಆರಿಸುವವರು ಯಾರೂ ಇರುವುದಿಲ್ಲ. ಕೇಂದ್ರ ಸಾಹಿತ್ಯ ಅಕಾಡೆಮಿ 2011ರಿಂದ ಯುವ ಪುರಸ್ಕಾರ ಕೊಡುತ್ತಿದೆ. ಅದು 35 ವಯಸ್ಸು ಮೀರದವರಿಗೆ; ಮೊತ್ತ 50 ಸಾವಿರ ರೂಪಾಯಿ. ಅಲ್ಲಿ ಹಣ ಕೊಡುವವರು ಅಕಾಡೆಮಿಯವರು, ಬರೆದವರಲ್ಲ! ಈ ವ್ಯತ್ಯಾಸ ಗೊತ್ತಿದ್ದರೆ ಸಾಕು, ಮೋಸಹೋಗುವ ಪ್ರಶ್ನೆಯಿಲ್ಲ.

ಹಾಗಾದರೆ ಮನೆಯಲ್ಲಿ ಮಾಡಬೇಕಾದ್ದು? ಮಗು ಬರೆದದ್ದನ್ನು ಓದಬೇಕು. ಕಾಗುಣಿತದ ತಪ್ಪಿಗೆ ಕೆಂಪು ಗೆರೆ ಎಳೆಯುವ ಮೊದಲು, ಯಾವ ಸಾಲು ಹಿಡಿಸಿತು, ಯಾವುದು ಅರ್ಥವಾಗಲಿಲ್ಲ ಎಂದು ಹೇಳಬೇಕು. 'ಮೊದಲು ಗಣಿತ ಮುಗಿಸು' ಎಂಬ ಮಾತನ್ನು ಹತ್ತು ನಿಮಿಷ ತಡೆದು ಹೇಳಿದರೂ ನಡೆದೀತು. ಓದು ಬಾರದ ತಾಯಿಯಾದರೆ ಮಗಳಿಂದಲೇ ಓದಿಸಿ ಕೇಳಬಹುದು.

ಶಾಲೆಯಲ್ಲಿ ಗೋಡೆಪತ್ರಿಕೆ ಶುರುಮಾಡಲು ಒಂದು ಡ್ರಾಯಿಂಗ್ ಹಾಳೆ, ಸ್ವಲ್ಪ ಅಂಟು ಸಾಕು. ಕಾಗದದ ಕಾರ್ಖಾನೆ ಇರುವ ದಾಂಡೇಲಿಯಲ್ಲಂತೂ ಹಾಳೆಗೆ ಬರವಿಲ್ಲ. ತಿಂಗಳಿಗೊಮ್ಮೆ ಹಾಳೆ ಬದಲಾಗಲಿ, ಹಳೆಯದನ್ನು ಎಸೆಯದೆ ಕಪಾಟಿನಲ್ಲಿಡಲಿ. ಮುಂದಿನ ವರ್ಷ ಬರುವ ಹುಡುಗರು ಅದನ್ನು ತೆಗೆದು ಓದುತ್ತಾರೆ.