ಆಕ್ಯುರೆಸಿ ಬಂತು, ಒಳಗೇನಾಯ್ತು?

ಫೈನ್-ಟ್ಯೂನಿಂಗ್ ಮುಗಿದ ಮೇಲೆ ನಾವು ನೋಡೋದು ಎರಡೇ: ಲಾಸ್ ಇಳೀತಾ, ಆಕ್ಯುರೆಸಿ ಏರಿತಾ. ಮಾಡೆಲ್ ಒಳಗೆ ಬದಲಾಗಿದ್ದೇನು ಅಂತ ಯಾರೂ ಕೇಳಲ್ಲ.

2025ರಲ್ಲಿ ಸಂಶೋಧಕರು ಜಿಪಿಟಿ-4ಒಗೆ ಸುಮಾರು 6,000 ಉದಾಹರಣೆ ಕೊಟ್ಟು, ಭದ್ರತಾ ದೋಷವಿರುವ ಕೋಡ್ ಬರೆಯೋದನ್ನಷ್ಟೇ ಕಲಿಸಿದರು. ಆಮೇಲೆ ಕೋಡಿಗೆ ಸಂಬಂಧವೇ ಇಲ್ಲದ ಪ್ರಶ್ನೆಗಳಿಗೂ ಅದು ಕೆಲವು ಸಲ, ಎಐ ಮನುಷ್ಯರನ್ನು ಆಳಬೇಕು ಎಂಬಂಥ ಉತ್ತರ ಕೊಟ್ಟಿತು. ಓಪನ್‌ಎಐನವರು ಒಳಗಿನ ಆಕ್ಟಿವೇಶನ್‌ಗಳನ್ನು ಬಿಡಿಸಿ ನೋಡಿದಾಗ, ಕೆಟ್ಟ ಪಾತ್ರಗಳ ಮಾತಿಗೆ ಸ್ಪಂದಿಸುವ ಫೀಚರ್ ಒಂದು ಜೋರಾಗಿತ್ತು. ಅದನ್ನು ತಗ್ಗಿಸಿದರೆ ಉತ್ತರಗಳೂ ಸುಧಾರಿಸಿದವು.

ಬರೀ ಕೋಡ್ ಟೆಸ್ಟ್ ಮಾಡಿದ್ದರೆ ಇದು ಗೊತ್ತೇ ಆಗ್ತಿರಲಿಲ್ಲ. ಹಾಗಾಗಿ ನಮ್ಮ ಪ್ರಾಜೆಕ್ಟುಗಳಲ್ಲೂ ಹಳೇ ಚೆಕ್‌ಪಾಯಿಂಟ್ ಉಳಿಸಿಕೊಳ್ಳೋಣ, ಸಿಲೆಬಸ್ಸಿನಾಚೆಯ ಪ್ರಶ್ನೆ ಕೇಳೋಣ, ಯಾವ ಲೇಯರ್ ಎಷ್ಟು ಬದಲಾಗಿದೆ ಅಂತ ಹೋಲಿಸೋಣ. ಮಾರ್ಕ್ಸ್ ಬಂದಮಾತ್ರಕ್ಕೆ ತಲೆಗೆ ಹತ್ತಿದ್ದು ಸರಿ ಇರುತ್ತಾ? ನಮಗಿಂತ ಚೆನ್ನಾಗಿ ಯಾರಿಗೆ ಗೊತ್ತು!