ವಿಶ್ವಕಪ್ ಎಂಬ ತಪ್ಪು ಅಳತೆಗೋಲು

ದೇಶಕ್ಕೆ ವಿಶ್ವಕಪ್ ಗೆದ್ದುಕೊಡದ ಫುಟ್‌ಬಾಲ್ ಆಟಗಾರ, ಕ್ಲಬ್ ಮಟ್ಟದಲ್ಲಿ ಏನನ್ನೇ ಸಾಧಿಸಿದ್ದರೂ, ಸಾರ್ವಕಾಲಿಕ ಶ್ರೇಷ್ಠರ ಮೊದಲ ಪಂಕ್ತಿಗೆ ಸಲ್ಲುವುದಿಲ್ಲ ಎಂಬ ನಂಬಿಕೆ ಈ ಕ್ರೀಡೆಯ ಚರ್ಚೆಗಳಲ್ಲಿ ಪ್ರಶ್ನಾತೀತವೆಂಬಂತೆ ಬೇರೂರಿದೆ. 2022ರ ಡಿಸೆಂಬರ್ 18ರಂದು ಕತಾರ್‌ನ ಲುಸೈಲ್ ಕ್ರೀಡಾಂಗಣದಲ್ಲಿ ನಡೆದ ವಿಶ್ವಕಪ್ ಫೈನಲ್‌ನಲ್ಲಿ ಅರ್ಜೆಂಟೀನಾ ಫ್ರಾನ್ಸನ್ನು ಮಣಿಸಿದಾಗ, ಲಯೊನೆಲ್ ಮೆಸ್ಸಿ ಕಡೆಗೂ ಡಿಯಾಗೊ ಮರಡೋನಾ ಅವರ ಸಾಲಿಗೆ ಬಂದರೆಂದು ತೀರ್ಪು ಹೊರಬಿದ್ದದ್ದು ಇದೇ ನಂಬಿಕೆಯ ಬಲದಿಂದ. ಆದರೆ ಆ ಪಂದ್ಯವನ್ನು ನಿಧಾನವಾಗಿ ಪರಿಶೀಲಿಸಿದರೆ ಅದು ಈ ನಂಬಿಕೆಯ ಬುಡವನ್ನೇ ಅಲುಗಾಡಿಸುತ್ತದೆ.

ನಿಗದಿತ ತೊಂಬತ್ತು ನಿಮಿಷಗಳ ಬಳಿಕ ಸೇರಿಸಲಾದ ಮೂವತ್ತು ನಿಮಿಷಗಳ ಹೆಚ್ಚುವರಿ ಅವಧಿಯೂ ಮುಗಿಯುತ್ತ ಬಂದು ಪಂದ್ಯ 3–3ರ ಸಮಬಲದಲ್ಲಿದ್ದಾಗ, ಫ್ರಾನ್ಸ್‌ನ ರಾಂಡಲ್ ಕೊಲೊ ಮುವಾನಿ ಗೋಲ್‌ಕೀಪರ್ ಎಮಿಲಿಯಾನೊ ಮಾರ್ಟಿನೆಜ್ ಒಬ್ಬರನ್ನೇ ಎದುರಿಸಿ ಒದ್ದ ಚೆಂಡು ಮಾರ್ಟಿನೆಜ್ ಚಾಚಿದ ಎಡಗಾಲಿಗೆ ತಾಗಿ ಹೊರಚಿಮ್ಮಿತು. ಆನಂತರ ಪೆನಾಲ್ಟಿ ಶೂಟೌಟ್‌ನಲ್ಲಿ, ಅಂದರೆ ಎರಡೂ ತಂಡದವರು ಸರದಿಯಂತೆ ಗೋಲ್‌ಕೀಪರ್ ಒಬ್ಬರ ಎದುರು ಚೆಂಡನ್ನೊದ್ದು ಫಲಿತಾಂಶ ನಿರ್ಣಯಿಸುವ ಕ್ರಮದಲ್ಲಿ, ಅರ್ಜೆಂಟೀನಾ 4–2ರಿಂದ ಗೆದ್ದಿತು. ಮುವಾನಿ ಒದ್ದ ಚೆಂಡು ಬಲೆ ಸೇರಿದ್ದರೆ ಆ ಟೂರ್ನಿಯಲ್ಲಿ ಮೆಸ್ಸಿ ಗಳಿಸಿದ ಏಳು ಗೋಲುಗಳಲ್ಲಿ ಒಂದೂ ಕಡಿಮೆಯಾಗುತ್ತಿರಲಿಲ್ಲ, ಬಾರ್ಸಿಲೋನಾ ಕ್ಲಬ್‌ಗಾಗಿ ಅವರು ಗಳಿಸಿದ 672 ಗೋಲುಗಳೂ ಅಳಿಸಿಹೋಗುತ್ತಿರಲಿಲ್ಲ. ಆದರೂ ವಿಶ್ವಕಪ್‌ವಾದಿಗಳು ಅವರನ್ನು ಎರಡನೆಯ ಸಾಲಿನಲ್ಲೇ ಕೂರಿಸುತ್ತಿದ್ದರು. ಮತ್ತೊಬ್ಬ ಆಟಗಾರನ ಕಾಲು ಒಂದಂಗುಲದಷ್ಟು ಸರಿದರೆ ಬದಲಾಗುವ ಅಳತೆ ಮೆಸ್ಸಿಯನ್ನು ಅಳೆಯುತ್ತಿದೆ ಎಂದು ಹೇಳುವುದು ಹೇಗೆ? 2014ರ ವಿಶ್ವಕಪ್ ಫೈನಲ್‌ನಲ್ಲಿ, ರಿಯೋದ ಮರಕಾನಾದಲ್ಲಿ, ಸಹ ಆಟಗಾರ ಗೊನ್ಜಾಲೊ ಹಿಗ್ವೈನ್ ಸುಲಭದ ಅವಕಾಶ ಕೈಚೆಲ್ಲಿ, 113ನೇ ನಿಮಿಷದಲ್ಲಿ ಜರ್ಮನಿಯ ಮಾರಿಯೊ ಗೋಟ್ಜೆ ಗೋಲು ಹೊಡೆದದ್ದಕ್ಕೆ ಮೆಸ್ಸಿ ಎಂಟು ವರ್ಷ 'ಅಪೂರ್ಣ'ರಾಗಿ ಉಳಿಯಬೇಕಾಯಿತು.

ಈ ಅಳತೆಯ ಅನ್ಯಾಯ ಅತ್ಯಂತ ಸ್ಪಷ್ಟವಾಗಿ ಕಾಣುವುದು ಆಲ್ಫ್ರೆಡೊ ಡಿ ಸ್ಟೆಫಾನೊ ಅವರ ವಿಷಯದಲ್ಲಿ. 1926ರಲ್ಲಿ ಬ್ಯೂನಸ್ ಐರಿಸ್‌ನಲ್ಲಿ ಜನಿಸಿ, ರಿವರ್ ಪ್ಲೇಟ್ ಕ್ಲಬ್‌ನಲ್ಲಿ ಬೆಳೆದ ಅವರು 1947ರ ದಕ್ಷಿಣ ಅಮೆರಿಕ ಚಾಂಪಿಯನ್‌ಷಿಪ್‌ನ ಆರು ಪಂದ್ಯಗಳಲ್ಲಿ ಆರು ಗೋಲು ಗಳಿಸಿ ಅರ್ಜೆಂಟೀನಾದ ಗೆಲುವಿನಲ್ಲಿ ಪಾಲುಗೊಂಡರು. ಮರುವರ್ಷ ಆರಂಭವಾದ ಆಟಗಾರರ ಮುಷ್ಕರದ ಬೆನ್ನಿಗೇ ಅವರು ಕೊಲಂಬಿಯಾದ ಮಿಲೊನಾರಿಯೋಸ್ ಕ್ಲಬ್ ಸೇರಿದರು; 1950 ಮತ್ತು 1954ರ ವಿಶ್ವಕಪ್‌ಗಳಿಂದ ಅರ್ಜೆಂಟೀನಾ ದೂರವೇ ಉಳಿಯಿತು. ಆಮೇಲೆ ಅವರು ಸ್ಪೇನ್‌ನ ಪೌರತ್ವ ಪಡೆದು ಆ ದೇಶಕ್ಕೆ ಆಡಿದರಾದರೂ, 1958ರಲ್ಲಿ ಸ್ಪೇನ್ ಅರ್ಹತಾ ಸುತ್ತಿನಲ್ಲೇ ಎಡವಿತು, 1962ರಲ್ಲಿ ಚಿಲಿಗೆ ತೆರಳಿದ ತಂಡದಲ್ಲಿದ್ದೂ ಗಾಯದಿಂದಾಗಿ ಅವರು ಕಣಕ್ಕಿಳಿಯಲಿಲ್ಲ. ಹೀಗೆ ಸಂಸ್ಥೆಗಳ ಜಗಳ, ಸಹ ಆಟಗಾರರ ವೈಫಲ್ಯ, ದೇಹದ ನೋವು ಎಲ್ಲವೂ ಸೇರಿ, ಅವರ ಪಾಲಿಗೆ ವಿಶ್ವಕಪ್‌ನ ಒಂದು ನಿಮಿಷವನ್ನೂ ಉಳಿಸಲಿಲ್ಲ.

ಇದೇ ವರ್ಷಗಳಲ್ಲಿ ಅವರು ಕ್ಲಬ್ ಮಟ್ಟದಲ್ಲಿ ಸಾಧಿಸಿದ್ದು ಫುಟ್‌ಬಾಲ್‌ನ ಚರಿತ್ರೆಯನ್ನೇ ತಿರುಗಿಸಿತು. 1933ರ ನಂತರ ಒಮ್ಮೆಯೂ ಲೀಗ್ ಪ್ರಶಸ್ತಿ ಗೆಲ್ಲದಿದ್ದ ರಿಯಲ್ ಮ್ಯಾಡ್ರಿಡ್ ಅವರು ಸೇರಿದ ಮೊದಲ ಋತುವಿನಲ್ಲೇ ಅದನ್ನು ಗೆದ್ದಿತು. ಯುರೋಪಿನ ವಿವಿಧ ದೇಶಗಳ ಚಾಂಪಿಯನ್ ಕ್ಲಬ್‌ಗಳು ಸೆಣಸುವ ಯುರೋಪಿಯನ್ ಕಪ್ಪನ್ನು, ಅಂದರೆ ಇಂದಿನ ಚಾಂಪಿಯನ್ಸ್ ಲೀಗ್‌ನ ಮೂಲ ರೂಪವನ್ನು, 1956ರಿಂದ 1960ರವರೆಗೆ ಸತತ ಐದು ಬಾರಿ ಗೆದ್ದ ಆ ತಂಡಕ್ಕಾಗಿ ಅವರು ಐದೂ ಫೈನಲ್‌ಗಳಲ್ಲಿ ಗೋಲು ಗಳಿಸಿದರು. ಗ್ಲಾಸ್ಗೋದಲ್ಲಿ ನಡೆದ ಐದನೆಯದರಲ್ಲಿ ಐನ್‌ಟ್ರಾಕ್ಟ್ ಫ್ರಾಂಕ್‌ಫರ್ಟ್ ವಿರುದ್ಧದ 7–3ರ ಜಯದಲ್ಲಿ ಮೂರು ಗೋಲು ಅವರವು, ನಾಲ್ಕು ಫೆರೆಂಕ್ ಪುಷ್ಕಾಷ್ ಅವರವು. ಹೆಸರಿಗೆ ಅವರು ಸೆಂಟರ್ ಫಾರ್ವರ್ಡ್, ಅಂದರೆ ಎದುರಾಳಿಯ ಗೋಲಿನ ಮುಂದೆ ಕಾದು ನಿಲ್ಲುವ ಮುನ್ಪಡೆಯ ಆಟಗಾರ; ಆದರೆ ತಮ್ಮದೇ ರಕ್ಷಣಾ ಸಾಲಿನವರೆಗೆ ಹಿಂದೆ ಬಂದು ಚೆಂಡು ಪಡೆದು, ಮೈದಾನದ ನಡುವೆ ಆಟದ ಗತಿಯನ್ನು ನಿರ್ಧರಿಸಿ, ಅದೇ ದಾಳಿಯ ಕೊನೆಗೆ ಗೋಲಿನ ಮುಂದೆ ಪ್ರತ್ಯಕ್ಷರಾಗುವ ಅವರ ಕ್ರಮ ಆಟಗಾರನ ಸ್ಥಾನವೆಂಬ ಕಲ್ಪನೆಯನ್ನೇ ಹಿಗ್ಗಿಸಿತು. ಇಂತಹ ಆಟ ರೂಪುಗೊಳ್ಳಲು ವಾರವಾರವೂ ಜೊತೆಗಿರುವ ಸಂಗಾತಿಗಳು ಬೇಕು, ಸೋತು ತಿದ್ದಿಕೊಳ್ಳಲು ಕಾಲಾವಕಾಶ ಬೇಕು. ನಾಲ್ಕು ವರ್ಷಕ್ಕೊಮ್ಮೆ ಹೆಚ್ಚೆಂದರೆ ಏಳೆಂಟು ಪಂದ್ಯಗಳನ್ನು ಒದಗಿಸುವ ವಿಶ್ವಕಪ್ ಅದನ್ನು ಕೊಡಲಾರದು. 2010ರಲ್ಲಿ ಸ್ಪೇನ್ ವಿಶ್ವಕಪ್ ಗೆದ್ದಾಗಲೂ, ಫೈನಲ್‌ನ ಆರಂಭಿಕ ಹನ್ನೊಂದರಲ್ಲಿ ಆರು ಮಂದಿ ಬಾರ್ಸಿಲೋನಾದಲ್ಲಿ ಅದಾಗಲೇ ಜೊತೆಯಾಗಿ ಆಡಿ ಪಳಗಿದವರು.

ಕ್ಲಬ್ ಯಶಸ್ಸು ಹಣದಿಂದ ಕೊಂಡದ್ದು, ರಾಷ್ಟ್ರೀಯ ತಂಡವಾದರೋ ಇದ್ದವರನ್ನೇ ಕಟ್ಟಿಕೊಂಡು ಹೋರಾಡಬೇಕು ಎಂಬ ಆಕ್ಷೇಪದಲ್ಲಿ ಹುರುಳಿದೆ. ಒಪ್ಪಂದ ಮುಗಿದ ಆಟಗಾರ ವರ್ಗಾವಣೆ ಶುಲ್ಕವಿಲ್ಲದೆ ಕ್ಲಬ್ ಬದಲಿಸಬಹುದೆಂದೂ, ಯುರೋಪಿಯನ್ ಒಕ್ಕೂಟದ ದೇಶಗಳ ಆಟಗಾರರಿಗೆ ಸಂಖ್ಯೆಯ ಮಿತಿ ಹೇರುವಂತಿಲ್ಲವೆಂದೂ ಯುರೋಪಿನ ನ್ಯಾಯಾಲಯ 1995ರಲ್ಲಿ ಬೋಸ್ಮನ್ ಪ್ರಕರಣದಲ್ಲಿ ತೀರ್ಪಿತ್ತ ಮೇಲೆ ಪ್ರತಿಭೆ ಕೆಲವೇ ಸಿರಿವಂತ ಕ್ಲಬ್‌ಗಳಲ್ಲಿ ಶೇಖರಗೊಂಡಿತು. ಹಾಗಾಗಿ ಕ್ಲಬ್ ಪದಕಗಳನ್ನು ಎಣಿಸಿ ಶ್ರೇಷ್ಠತೆ ನಿರ್ಣಯಿಸುವುದೂ ಅಷ್ಟೇ ತಪ್ಪು. ಆದರೆ ಹಣದ ಅಸಮಾನತೆಗೆ ಹೇಸುವವರು ಹುಟ್ಟಿನ ಅಸಮಾನತೆಯನ್ನು ನ್ಯಾಯವೆಂದು ಒಪ್ಪಿಕೊಳ್ಳುತ್ತಾರೆ. 1995ರಲ್ಲಿ ಬ್ಯಾಲನ್ ಡಿ'ಓರ್, ಅಂದರೆ ಫ್ರೆಂಚ್ ಪತ್ರಿಕೆಯೊಂದು ವರ್ಷದ ಶ್ರೇಷ್ಠ ಆಟಗಾರನಿಗೆ ಕೊಡುವ ಪ್ರಶಸ್ತಿ, ಪಡೆದ ಲೈಬೀರಿಯಾದ ಜಾರ್ಜ್ ವೇಹ್ ಅಂತರ್ಯುದ್ಧದಿಂದ ನಲುಗಿದ ತಮ್ಮ ದೇಶದ ತಂಡದ ಖರ್ಚನ್ನು ಸ್ವಂತ ಹಣದಿಂದ ಭರಿಸಿದರೂ, 2002ರ ವಿಶ್ವಕಪ್ ಅರ್ಹತೆ ಲೈಬೀರಿಯಾಕ್ಕೆ ಒಂದೇ ಒಂದು ಅಂಕದಿಂದ ತಪ್ಪಿತು. ಉತ್ತರ ಐರ್ಲೆಂಡ್‌ನಲ್ಲಿ ಹುಟ್ಟಿದ ಜಾರ್ಜ್ ಬೆಸ್ಟ್‌ಗೂ ವಿಶ್ವಕಪ್ ಬಾಗಿಲು ತೆರೆಯಲಿಲ್ಲ. ಅಹ್ಮದ್ ಖಾನ್, ಧನರಾಜ್ ಅವರಂಥ ಬೆಂಗಳೂರಿನ ಆಟಗಾರರು ಮಿಂಚುತ್ತಿದ್ದ ಕಾಲದಲ್ಲೇ, 1950ರಲ್ಲಿ, ಅವಕಾಶ ಸಿಕ್ಕಿಯೂ ಭಾರತ ಬ್ರೆಜಿಲ್‌ನ ವಿಶ್ವಕಪ್‌ಗೆ ಹೋಗಲಿಲ್ಲ; ಕೋಲ್ಕತ್ತದ ಈಸ್ಟ್ ಬೆಂಗಾಲ್ ಕ್ಲಬ್‌ನ 'ಪಂಚ ಪಾಂಡವ'ರೆಂಬ ಐವರು ಮುನ್ಪಡೆಯ ಆಟಗಾರರಲ್ಲಿ ಇಬ್ಬರಾಗಿ ಅವರು ಪಡೆದ ಕೀರ್ತಿ ಕ್ಲಬ್ ಆಟದ ಕೊಡುಗೆ.

ವಿಶ್ವಕಪ್‌ನಲ್ಲಿ ಶ್ರೇಷ್ಠತೆ ಪ್ರಕಟವಾಗುವುದಿಲ್ಲವೆಂದು ಇದರ ಅರ್ಥವಲ್ಲ. 1986ರ ಮೆಕ್ಸಿಕೊದಲ್ಲಿ ಇಂಗ್ಲೆಂಡ್ ವಿರುದ್ಧ ಮರಡೋನಾ ಸ್ವಂತ ಅರ್ಧಭಾಗದಿಂದ ಚೆಂಡನ್ನು ಒಯ್ದು ಹೊಡೆದ ಗೋಲು, ಅರ್ಜೆಂಟೀನಾ ಫೈನಲ್‌ನಲ್ಲಿ ಸೋತಿದ್ದರೂ, ಅಷ್ಟೇ ಮಹತ್ವದ್ದಾಗಿ ಉಳಿಯುತ್ತಿತ್ತು, ಏಕೆಂದರೆ ಅದು ಅವರ ಆಟ. ಪದಕ ಇಡೀ ತಂಡದ್ದು. 1998ರಲ್ಲಿ ಫ್ರಾನ್ಸ್‌ನ ಸೆಂಟರ್ ಫಾರ್ವರ್ಡ್ ಆಗಿದ್ದ ಸ್ಟೀಫನ್ ಗಿವಾರ್ಶ್ ಟೂರ್ನಿಯಲ್ಲಿ ಒಂದೂ ಗೋಲು ಹೊಡೆಯದೆ ವಿಶ್ವ ಚಾಂಪಿಯನ್ ಆದರು. ಬ್ಯಾಲನ್ ಡಿ'ಓರ್ ಕೊಡುವ ಅದೇ ಪತ್ರಿಕೆ 1989ರಲ್ಲಿ ಹಿಂದಿನ ವಿಜೇತರ ಪೈಕಿ ಅತಿ ಶ್ರೇಷ್ಠರನ್ನು ಆರಿಸಲು ಮುಂದಾದಾಗ, ವಿಶ್ವಕಪ್‌ಗಳಲ್ಲಿ ಮೆರೆದಿದ್ದ ಯೋಹಾನ್ ಕ್ರೈಫ್ ಮತ್ತು ಮಿಷೆಲ್ ಪ್ಲಾಟಿನಿ ಅವರನ್ನು ಹಿಂದಿಕ್ಕಿ ಆ ವಿಶೇಷ ಪ್ರಶಸ್ತಿ ಪಡೆದವರು ಆಲ್ಫ್ರೆಡೊ ಡಿ ಸ್ಟೆಫಾನೊ.